ಓಡುತ್ತಿರುವ ಕಂಪ್ಯೂಟರಿಗೆ ಕಡ್ಡಾಯ ನಿವೃತ್ತಿ!

ಊರಿಗೊಬ್ಬನೇ ಸಾಹುಕಾರನಾದರೆ ಗಿರಾಕಿಯ ಪಾಡೇನು?

2025ರ ಅಕ್ಟೋಬರ್ 14, ಮಂಗಳವಾರ. ಅಂದು ಯಾವ ಅಂಗಡಿಯ ಕಂಪ್ಯೂಟರೂ ಸುಟ್ಟು ಹೋಗಲಿಲ್ಲ. ಯಾವ ಬಿಲ್ಲಿಂಗ್ ಯಂತ್ರವೂ ಹೊಗೆ ಬಿಡಲಿಲ್ಲ. ಸೋಮವಾರ ಹೇಗೆ ಓಡಿತ್ತೋ ಮಂಗಳವಾರವೂ ಹಾಗೇ ಓಡಿತು. ಆದರೂ ನಮ್ಮ ಸಂತೆಪೇಟೆಯಿಂದ ಹಿಡಿದು ಬಸ್ ಸ್ಟ್ಯಾಂಡ್ ರಸ್ತೆಯವರೆಗೆ ಎಷ್ಟೋ ಅಂಗಡಿಗಳ ಕಂಪ್ಯೂಟರುಗಳು ಅಂದು ಕಾಗದದ ಮೇಲೆ ನಿವೃತ್ತರಾದವು. ಪಿಂಚಣಿ ಮಾತ್ರ ಇಲ್ಲ!

ಆದದ್ದಿಷ್ಟೆ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 10 ಎಂಬ ಸಾಫ್ಟ್‌ವೇರಿಗೆ ಕೊಡುತ್ತಿದ್ದ ಪುಕ್ಕಟೆ ದುರಸ್ತಿ ಸೇವೆಯನ್ನು ಅಂದಿಗೆ ನಿಲ್ಲಿಸಿತು. ಕಂಪ್ಯೂಟರ್ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಎದ್ದು ಕೂರುತ್ತದಲ್ಲ, ಆ ಮೂಲ ಸಾಫ್ಟ್‌ವೇರೇ ವಿಂಡೋಸ್. ಟ್ಯಾಲಿ ಬೇಕಾದರೂ, ಲಗ್ನಪತ್ರಿಕೆ ಟೈಪು ಮಾಡಬೇಕಾದರೂ, ಪಹಣಿ ಪ್ರಿಂಟು ತೆಗೀಬೇಕಾದರೂ ಮೊದಲು ಅದು ಏಳಬೇಕು. ಅದರಲ್ಲಿ ಆಗಾಗ ತೂತು ಕಾಣಿಸಿಕೊಳ್ಳುತ್ತದೆ. ಕಳ್ಳರು ಆ ತೂತಿನಲ್ಲಿ ನುಗ್ಗಿ ಬ್ಯಾಂಕಿನ ಪಾಸ್‌ವರ್ಡು ಕದಿಯಬಹುದು, ಲೆಕ್ಕದ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಬಹುದು. ತಿಂಗಳಿಗೊಮ್ಮೆ ಕಂಪನಿ ಆ ತೂತುಗಳಿಗೆ ತೇಪೆ ಕಳಿಸುತ್ತಿತ್ತು. ಇನ್ನು ಪುಕ್ಕಟೆ ತೇಪೆ ಇಲ್ಲ.

'ಆಯ್ತಪ್ಪ, ಹೊಸದೇ ಹಾಕ್ಸೋಣ. ವಿಂಡೋಸ್ 11 ಬಂದಿದೆಯಂತಲ್ಲ' ಎಂದು ರಿಪೇರಿ ಹುಡುಗನನ್ನು ಕರೆಸಿದವರಿಗೆ ಎರಡನೇ ಏಟು. ಈ ಮಾತುಕತೆ ಊರಿನ ಯಾವ ಕೌಂಟರಿನಲ್ಲಿ ನಿಂತರೂ ಸುಮಾರು ಹೀಗೇ ನಡೆಯುತ್ತದೆ:

'ಅಣ್ಣ, ಇದಕ್ಕೆ ಹನ್ನೊಂದು ಹಾಕಕ್ಕಾಗಲ್ಲ.'

'ಯಾಕೋ? ಏನಾಗಿದೆ ಇದಕ್ಕೆ? ಚೆನ್ನಾಗೇ ಓಡ್ತಾ ಇದೆಯಲ್ಲ!'

'ಓಡೋದು ಓಡತ್ತೆ ಅಣ್ಣ. ಕಂಪನಿಯವರು ಒಪ್ಪಲ್ಲ.'

ಕಂಪನಿಯವರು ಒಪ್ಪಲ್ಲ! ದುಡ್ಡು ಕೊಟ್ಟು ತಂದವರು ಇವರು, ಕರೆಂಟು ಬಿಲ್ಲು ಕಟ್ಟುವವರು ಇವರು, ಆಯುಧ ಪೂಜೆಗೆ ಕುಂಕುಮ ಹಚ್ಚಿ ಕುಂಬಳಕಾಯಿ ಒಡೆಯುವವರೂ ಇವರೇ. ಆದರೆ ಯಂತ್ರ ಬದುಕಿದೆಯೋ ಸತ್ತಿದೆಯೋ ಎಂದು ಸರ್ಟಿಫಿಕೇಟು ಬರೆಯುವವನು ಸಾವಿರಾರು ಮೈಲಿ ಆಚೆ ಕೂತಿದ್ದಾನೆ.

ಹೊಸ ವಿಂಡೋಸಿನ ಷರತ್ತುಗಳನ್ನು ಕಂಪನಿ ಬಹಿರಂಗವಾಗಿಯೇ ಪ್ರಕಟಿಸಿದೆ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಕಂಪನಿಯ ಪ್ರೊಸೆಸರಾದರೆ, ಒಂದೆರಡು ಬಿಟ್ಟು, ಎಂಟನೇ ತಲೆಮಾರಿನದ್ದೋ ಅದಕ್ಕೂ ಹೊಸದೋ ಆಗಿರಬೇಕು. ಆ ಎಂಟನೇ ತಲೆಮಾರು ಮಾರುಕಟ್ಟೆಗೆ ಬಂದದ್ದೇ 2017ರಲ್ಲಿ. ಅಂದರೆ 2016ರಲ್ಲಿ ಮೈತುಂಬ ಸಾಲ ಮಾಡಿ ಒಳ್ಳೆಯ ಯಂತ್ರ ತಂದವರು ಪಂಕ್ತಿಯಿಂದ ಹೊರಗೆ. ಹೀಗೆ ಹೊರಗುಳಿಯುವ ಕಂಪ್ಯೂಟರುಗಳು ಪ್ರಪಂಚದಲ್ಲಿ 24 ಕೋಟಿ ಇರಬಹುದೆಂದು ಕೆನಾಲಿಸ್ ಎಂಬ ಮಾರುಕಟ್ಟೆ ಸಮೀಕ್ಷೆ ಸಂಸ್ಥೆ 2023ರಲ್ಲಿ ಅಂದಾಜು ಮಾಡಿತ್ತು.

ತಮಾಷೆ ಏನೆಂದರೆ, 2015ರಲ್ಲಿ ವಿಂಡೋಸ್ 10 ಬಂದಾಗ 'ಇದೇ ಕೊನೆಯ ವಿಂಡೋಸ್' ಎಂದು ಅದೇ ಕಂಪನಿಯ ನೌಕರರೊಬ್ಬರು ತುಂಬಿದ ಸಭೆಯಲ್ಲಿ ಹೇಳಿದ್ದರು. ಇದಾದ ಮೇಲೆ ಬೇರೆ ಬರೋದಿಲ್ಲ, ಇದನ್ನೇ ತಿದ್ದುತ್ತಾ ಹೋಗ್ತೇವೆ ಅಂತ ಆಗ ಜನ ಅರ್ಥ ಮಾಡಿಕೊಂಡಿದ್ದರು. ಆರು ವರ್ಷ ಕಳೆದು 2021ರ ಅಕ್ಟೋಬರಿನಲ್ಲಿ ಹನ್ನೊಂದನೆಯದು ಹಾಜರ್!

ಸಿಟ್ಟು ಬಂದಿರೋದು ಯಾಕೆ?

ವಸ್ತು ಹಳತಾಗುವುದು ಹೊಸದೇನಲ್ಲ. ಗ್ರೈಂಡರು ಹಳತಾಗುತ್ತೆ, ಸ್ಕೂಟರು ಹಳತಾಗುತ್ತೆ. ಆದರೆ ಸ್ಕೂಟರು ತಯಾರಿಸಿದ ಕಂಪನಿ ಬಾಗಿಲು ಹಾಕಿದರೂ ಸ್ಕೂಟರು ನಿಲ್ಲುವುದಿಲ್ಲ. ಲ್ಯಾಂಬ್ರೆಟಾ ಇಂದಿಗೂ ಓಡಿಸುವವರಿದ್ದಾರೆ. ಗ್ಯಾರೇಜಿನ ಸಾಬರು ಬೋಲ್ಟು ಬದಲಾಯಿಸಿ, ಲೇಥಿನಲ್ಲಿ ಒಂದು ತುಂಡು ಕಡೆಸಿ ಹಾಕಿ ಎಬ್ಬಿಸುತ್ತಾರೆ. ಯಾರ ಅಪ್ಪಣೆಯೂ ಬೇಕಿಲ್ಲ.

ಸಾಫ್ಟ್‌ವೇರಿಗೆ ಈ ಭಾಗ್ಯ ಇಲ್ಲ. ವಿಂಡೋಸನ್ನು ಒಳಗಿನಿಂದ ಬಿಚ್ಚಿ ನೋಡಲು ಬೇರೆಯವರಿಗೆ ಹಕ್ಕಿಲ್ಲ. ತೇಪೆ ಹಾಕಿದರೆ ಅದನ್ನು ಬರೆದ ಕಂಪನಿಯೇ ಹಾಕಬೇಕು. ಅಷ್ಟೇ ಅಲ್ಲ, ಅದನ್ನು ನೀವು ಕೊಂಡಿದ್ದೀರಿ ಎನ್ನುವುದೇ ತಪ್ಪು! ಕೊಳ್ಳುವಾಗ 'ಒಪ್ಪಿದ್ದೇನೆ' ಅಂತ ಒಂದು ಗುಂಡಿ ಒತ್ತುತ್ತೀರಲ್ಲ, ಯಾರೂ ಓದದ ಆ ಉದ್ದನೆಯ ಕರಾರಿನಲ್ಲಿ 'ಇದು ಮಾರಾಟ ಅಲ್ಲ, ಬಳಸಲು ಪರವಾನಗಿ ಮಾತ್ರ' ಎಂಬ ಅರ್ಥದ ಸಾಲು ಇದೆ. ಅಂದರೆ ನಾವೆಲ್ಲ ಬಾಡಿಗೆದಾರರು. ಮಾಲೀಕನೇ ಗೋಡೆಗೆ ಸುಣ್ಣ ಹೊಡೆಸುವುದಿಲ್ಲ ಅಂದರೆ ಬಾಡಿಗೆದಾರ ಸುಣ್ಣ ಹೊಡೆಯುವ ಹಾಗೂ ಇಲ್ಲ.

ಪಿಯುಸಿ ಅರ್ಧಕ್ಕೆ ಬಿಟ್ಟ ಈ ವರದಿಗಾರನಿಗೆ ಕಂಪ್ಯೂಟರ್ ಶಾಸ್ತ್ರ ಗೊತ್ತಿಲ್ಲ. ಆದರೆ ಬಸ್ಸಿನ ಶಾಸ್ತ್ರ ಗೊತ್ತು. ಒಂದು ರೂಟಿನಲ್ಲಿ ಒಬ್ಬನದೇ ಬಸ್ಸು ಓಡುತ್ತಿದ್ದರೆ ಏನಾಗುತ್ತದೆಂದು ಪ್ರಯಾಣಿಕರನ್ನು ಕೇಳಿ ನೋಡಿ. ಸೀಟು ಹರಿದಿದ್ದರೂ ಅದೇ ಬಸ್ಸು. ಹೊತ್ತಿಗೆ ಬರದಿದ್ದರೂ ಅದೇ ಬಸ್ಸು. ಜನ ಬಯ್ಯುತ್ತಾ ಹತ್ತುತ್ತಾರೆ, ಹತ್ತಿ ಬಯ್ಯುತ್ತಾರೆ, ನಾಳೆ ಮತ್ತೆ ಕೈ ಅಡ್ಡ ಹಾಕುತ್ತಾರೆ. ಬಸ್ಸು ಕೆಟ್ಟದ್ದು ಎನ್ನುವುದಕ್ಕಿಂತ, ಇಳಿದರೆ ಹತ್ತಲು ಇನ್ನೊಂದಿಲ್ಲ ಎನ್ನುವುದೇ ಹೊಟ್ಟೆಯುರಿ.

ಒಬ್ಬನೇ ಸಾಹುಕಾರ ಆದದ್ದು ಹೇಗೆ?

ಈ ಕಥೆ ಸ್ವಾರಸ್ಯವಾಗಿದೆ. ಅಂಗಡಿಯವರು ಓದಲೇಬೇಕು.

ಬಿಲ್ ಗೇಟ್ಸ್, ಪಾಲ್ ಆಲೆನ್ ಎಂಬಿಬ್ಬರು ಸ್ನೇಹಿತರು 1975ರಲ್ಲಿ ಮೈಕ್ರೋಸಾಫ್ಟ್ ಶುರು ಮಾಡಿದರು. 1980ರಲ್ಲಿ ಐಬಿಎಂ ಎಂಬ ದೈತ್ಯ ಕಂಪನಿ ಮೇಜಿನ ಮೇಲಿಡುವ ಸಣ್ಣ ಕಂಪ್ಯೂಟರು ತಯಾರಿಸಲು ಹೊರಟು, ಅದಕ್ಕೆ ಮೂಲ ಸಾಫ್ಟ್‌ವೇರು ಬೇಕೆಂದು ಇವರ ಬಳಿ ಬಂತು. ಇವರ ಹತ್ತಿರ ಸರಕು ಇರಲಿಲ್ಲ! ಸಿಯಾಟಲ್‌ನ ಇನ್ನೊಂದು ಸಣ್ಣ ಕಂಪನಿಯ ಬಳಿ ಇತ್ತು. ಅದರ ಪೂರ್ತಿ ಹಕ್ಕನ್ನು 1981ರ ಜುಲೈನಲ್ಲಿ 50 ಸಾವಿರ ಡಾಲರಿಗೆ ಕೊಂಡು, ತಿದ್ದಿ, ಐಬಿಎಂಗೆ ಒದಗಿಸಿದರು. ಜಾಣತನ ಇದ್ದದ್ದು ಕರಾರಿನಲ್ಲಿ. ಐಬಿಎಂಗೆ ಬಳಸಲು ಕೊಟ್ಟರೇ ಹೊರತು, ಬೇರೆಯವರಿಗೂ ಮಾರುವ ಹಕ್ಕನ್ನು ತಮ್ಮಲ್ಲೇ ಉಳಿಸಿಕೊಂಡರು. ಮುಂದೆ ಐಬಿಎಂನ ಯಂತ್ರವನ್ನು ನಕಲು ಮಾಡಿ ಮಾರುವ ಕಂಪನಿಗಳು ನಾಯಿಕೊಡೆಯಂತೆ ಎದ್ದವು. ಎಲ್ಲರಿಗೂ ಇವರದೇ ಸರಕು ಬೇಕಾಯಿತು.

ಇಲ್ಲಿಯವರೆಗೆ ತಕರಾರಿಲ್ಲ. ವ್ಯಾಪಾರ ಅಂದರೆ ವ್ಯಾಪಾರ. ಆಮೇಲಿನದು ನೋಡಿ.

ಕಂಪ್ಯೂಟರು ತಯಾರಕರ ಜೊತೆ ಮೈಕ್ರೋಸಾಫ್ಟ್ ಮಾಡಿಕೊಳ್ಳುತ್ತಿದ್ದ ಒಂದು ಬಗೆಯ ಕರಾರು ಹೀಗಿತ್ತು: ನೀವು ಮಾರುವ ಪ್ರತಿ ಯಂತ್ರಕ್ಕೂ ನಮಗೆ ಇಷ್ಟು ಕೊಡಬೇಕು, ಅದರಲ್ಲಿ ನಮ್ಮ ಸಾಫ್ಟ್‌ವೇರು ಹಾಕಿದ್ದರೂ ಸರಿ, ಹಾಕದಿದ್ದರೂ ಸರಿ! ನಮ್ಮ ಪೇಟೆ ಲೆಕ್ಕದಲ್ಲಿ ಹೇಳುವುದಾದರೆ, ಸೋಡಾ ಕಂಪನಿಯವನು ಬಂದು 'ಯಜಮಾನ್ರೆ, ನಮ್ಮ ಸೋಡಾ ಮಾರಿ ಬಿಡಿ, ನಿಮ್ಮ ಅಂಗಡಿಗೆ ಬಂದ ಗಿರಾಕಿ ತಲೆಗೆ ಒಂದು ರೂಪಾಯಿ ನಮಗೆ ಕಟ್ಟಿಬಿಡಿ, ಬೆಲೆ ಕಮ್ಮಿ ಮಾಡಿಕೊಡ್ತೀವಿ' ಅಂದ ಹಾಗೆ. ಒಮ್ಮೆ ಹಾಗೆ ಕಟ್ಟಲು ಒಪ್ಪಿದ ಮೇಲೆ ಬೇರೆ ಸೋಡಾ ಯಾರು ಇಡುತ್ತಾರೆ? ಇಟ್ಟರೆ ಎರಡೂ ಕಡೆ ದುಡ್ಡು ದಂಡ. ಅಮೆರಿಕ ಸರ್ಕಾರದ ನ್ಯಾಯ ಇಲಾಖೆ ಮೂಗು ತೂರಿಸಿ, 1994ರ ರಾಜಿ ಒಪ್ಪಂದದಲ್ಲಿ ಈ ಪದ್ಧತಿ ನಿಲ್ಲಿಸಿತು. ಅಷ್ಟರಲ್ಲಿ ಬೇರೆ ಸೋಡಾದವರು ಸೊರಗಿ ಹೋಗಿದ್ದರು.

ನಾಲ್ಕು ವರ್ಷಕ್ಕೆ ಮತ್ತೆ ಕೋರ್ಟು. ಇಂಟರ್‌ನೆಟ್ ನೋಡಲು ನೆಟ್‌ಸ್ಕೇಪ್ ಎಂಬ ಬೇರೊಂದು ಕಂಪನಿಯ ಸಾಫ್ಟ್‌ವೇರು ಜನಪ್ರಿಯವಾಗಿತ್ತು. ಮೈಕ್ರೋಸಾಫ್ಟ್ ತನ್ನದೊಂದನ್ನು ವಿಂಡೋಸಿನ ಜೊತೆಗೇ ಅಂಟಿಸಿ ಪುಕ್ಕಟೆ ಕೊಟ್ಟಿತು. 1998ರ ಮೇ ತಿಂಗಳಲ್ಲಿ ಸರ್ಕಾರ ದಾವೆ ಹೂಡಿತು. ಪೆನ್‌ಫೀಲ್ಡ್ ಜಾಕ್ಸನ್ ಎಂಬ ನ್ಯಾಯಾಧೀಶರು 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡು ತುಂಡು ಮಾಡಬೇಕೆಂದು ಆಜ್ಞೆ ಹೊರಡಿಸಿದರು. ಪ್ರಪಂಚವೇ ಬೆರಗಾಯಿತು. ಮರುವರ್ಷ ಮೇಲಿನ ಕೋರ್ಟು, ಏಕಸ್ವಾಮ್ಯ ಉಳಿಸಿಕೊಳ್ಳಲು ಕಾನೂನು ಮುರಿದದ್ದು ನಿಜ ಎಂದಿತು. ತುಂಡು ಮಾಡುವ ಆಜ್ಞೆಯನ್ನು ಮಾತ್ರ ರದ್ದು ಮಾಡಿತು. ಕೊನೆಗೆ ರಾಜಿ. ಯೂರೋಪಿನಲ್ಲಿ 2004ರಲ್ಲಿ 49 ಕೋಟಿ 70 ಲಕ್ಷ ಯೂರೋ ದಂಡ ಬಿತ್ತು. ಕಂಪನಿ ಸೊರಗಲಿಲ್ಲ.

ಇನ್ನು ನಮ್ಮ ಕಡೆ ಇದು ಹೇಗೆ ಬೇರು ಬಿಟ್ಟಿತು ಎನ್ನುವುದು ಗುಟ್ಟೇನಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಜೋಡಿಸಿದ ಕಂಪ್ಯೂಟರು, ಅದಕ್ಕೆ ಯಾರೋ ಬರೆದುಕೊಟ್ಟ ಕಳ್ಳ ಸಿ.ಡಿ. ಇದೇ ಆಗಿನ ರಿವಾಜು. ಪರವಾನಗಿ ಅಂದರೆ ಏನು ಎಂದು ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಕಂಪನಿಗೆ ಇದು ಗೊತ್ತಿರಲಿಲ್ಲವೇ? ಚೀನಾದಲ್ಲಿ ನಡೆಯುತ್ತಿದ್ದ ಇದೇ ಕಳ್ಳತನದ ಬಗ್ಗೆ ಬಿಲ್ ಗೇಟ್ಸ್ 1998ರಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಾ, ಕದಿಯುವುದೇ ಆದರೆ ನಮ್ಮದನ್ನೇ ಕದಿಯಲಿ, ಚಟ ಹತ್ತುತ್ತದೆ, ವಸೂಲಿ ಮಾಡುವ ದಾರಿ ಮುಂದೆ ಯಾವಾಗಲಾದರೂ ಕಂಡುಕೊಳ್ಳುತ್ತೇವೆ ಎಂಬರ್ಥದ ಮಾತು ಆಡಿದ್ದರು. ಅಮೆರಿಕದ ಪತ್ರಿಕೆಯಲ್ಲಿ ಅಚ್ಚೂ ಆಯಿತು.

ಚಟ ಹತ್ತಿತು. ಕಂಪ್ಯೂಟರ್ ಕ್ಲಾಸು ಎಂದರೆ ವಿಂಡೋಸ್, ವರ್ಡ್, ಎಕ್ಸೆಲ್ ಎಂದಾಯಿತು. ಕೆಲಸಕ್ಕೆ ಹುಡುಗಿ ಬೇಕೆಂದರೆ 'ವರ್ಡು ಎಕ್ಸೆಲ್ಲು ಬರತ್ತೇನಮ್ಮ?' ಎಂಬುದೇ ಮೊದಲ ಪ್ರಶ್ನೆಯಾಯಿತು.

ಕಡತದ ಕಟ್ಟು

ಇನ್ನೊಂದು ಕಟ್ಟುಪಾಡು ಕಣ್ಣಿಗೆ ಕಾಣುವುದಿಲ್ಲ. ನೀವು ಬರೆದ ಪತ್ರ, ಕೋರ್ಟಿನ ಅರ್ಜಿ, ಲೆಕ್ಕದ ಪಟ್ಟಿ ಯಾವ ರೂಪದಲ್ಲಿ ಕಂಪ್ಯೂಟರಿನೊಳಗೆ ಕೂರುತ್ತದೆ ಎನ್ನುವುದು. ಮೈಕ್ರೋಸಾಫ್ಟ್ 2007ರ ವರ್ಡಿನಲ್ಲಿ ಆ ರೂಪವನ್ನೇ ಬದಲಾಯಿಸಿತು. ಹೊಸದು ಕೊಂಡವನು ಕಳಿಸಿದ ಪತ್ರ ಹಳೆಯದು ಇಟ್ಟುಕೊಂಡವನಲ್ಲಿ ಸೀದಾ ತೆರೆಯುವುದಿಲ್ಲ. ಅದಕ್ಕೊಂದು ಪರಿವರ್ತಕವನ್ನು ಕಂಪನಿ ಪುಕ್ಕಟೆ ಕೊಟ್ಟಿತು ನಿಜ, ಹಾಕಿಕೊಳ್ಳಲು ಗೊತ್ತಿದ್ದವರು ಎಷ್ಟು ಜನ? ಬೀದಿಯಲ್ಲಿ ಒಬ್ಬ ಹೊಸದು ತಂದರೆ ಉಳಿದವರೂ ತರುವ ಹಾಗಾಯಿತು.

ಈ ಹೊಸ ರೂಪಕ್ಕೆ ಅಂತಾರಾಷ್ಟ್ರೀಯ ಮಾನ್ಯತೆ ಬೇಕೆಂದು ಅರ್ಜಿ ಹೋದಾಗ ಭಾರತ 'ಬೇಡ' ಎಂದು ಮತ ಹಾಕಿತ್ತು ಎಂಬುದು ಎಷ್ಟು ಜನಕ್ಕೆ ಗೊತ್ತು? ಮತ ಹಾಕಿದ್ದು ಕುಕ್ಕರಿಗೂ ಸಿಮೆಂಟಿಗೂ ಐಎಸ್‌ಐ ಮುದ್ರೆ ಕೊಡುವ ನಮ್ಮ ಮಾನಕ ಬ್ಯೂರೋ. ಆದರೂ 2008ರಲ್ಲಿ ಬಹುಮತದಿಂದ ಮಾನ್ಯತೆ ಸಿಕ್ಕಿತು.

ಡಿಟಿಪಿ ಅಂಗಡಿಯವರ ಗೋಳು ಇನ್ನೂ ಬೇರೆ. ಅವರ ಸಾಹುಕಾರ ಅಡೋಬಿ. ಮದುವೆ ಕಾರ್ಡು, ತಿಥಿ ಕಾರ್ಡು, ಚುನಾವಣೆ ಕರಪತ್ರ ಎಲ್ಲವೂ ಪೇಜ್‌ಮೇಕರಿನಲ್ಲೇ ಹುಟ್ಟಿದ ಕಾಲ ಒಂದಿತ್ತು. ಆ ಪೇಜ್‌ಮೇಕರಿನ ಕೊನೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಎರಡು ದಶಕ ಕಳೆದರೂ ಅದನ್ನು ಬಿಡದ ಅಂಗಡಿಗಳಿವೆ, ಕೈಗೆ ಕೂತುಹೋಗಿದೆ. ಈಗ ಗಿರಾಕಿ ಬಂದು 'ಮ್ಯಾಟರ್ ವಾಟ್ಸಾಪ್ ಮಾಡಿದೀನಿ ಸಾರ್, ಹಂಗೇ ಹಾಕ್ಬಿಡಿ' ಅನ್ನುತ್ತಾನೆ. ಮೊಬೈಲಿನ ಕನ್ನಡ ಯೂನಿಕೋಡ್ ಎಂಬ ಬಗೆಯದು. ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತೇ ಇಲ್ಲ! ಅಂಟಿಸಿದರೆ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಮೊದಲು ನುಡಿ ಅಕ್ಷರಕ್ಕೋ ಶ್ರೀಲಿಪಿ ಅಕ್ಷರಕ್ಕೋ ಪರಿವರ್ತಿಸಬೇಕು. ಪರಿವರ್ತಿಸುವಾಗ ಒತ್ತಕ್ಷರ ಎಲ್ಲಾದರೂ ಜಾರಿದರೆ ವಧುವಿನ ಹೆಸರು ಏನಾಗುತ್ತದೋ ದೇವರೇ ಬಲ್ಲ.

ಹಾಗಾದರೆ ಹೊಸದು ತನ್ನಿ ಅಂದರೆ, ಅಡೋಬಿ 2013ರಿಂದ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಪದ್ಧತಿಗೆ ಮಂಗಳ ಹಾಡುತ್ತಾ ಬಂತು. ಹೊಸ ಆವೃತ್ತಿ ಬೇಕೆಂದರೆ ತಿಂಗಳ ಚಂದಾ. ಹಾಲಿನವನಿಗೆ, ಕೇಬಲ್ಲಿನವನಿಗೆ ಕೊಟ್ಟ ಹಾಗೆ ಕೊಡುತ್ತಲೇ ಇರಬೇಕು. ಮದುವೆ ಸೀಸನ್ನಿನಲ್ಲಿ ನಾಲ್ಕು ಕಾಸು ಕಂಡು, ಆಷಾಢದಲ್ಲಿ ನೊಣ ಹೊಡೆಯುವ ಅಂಗಡಿಗೆ ಈ ಲೆಕ್ಕ ಹೊಂದುವುದಿಲ್ಲ. ಆಷಾಢ ಎಂದರೇನೆಂದು ಅಮೆರಿಕದವರಿಗೆ ಹೇಳುವವರಾರು? ವರ್ಷದ ಕರಾರಿನ ಚಂದಾ ನಡುವೆ ನಿಲ್ಲಿಸಿದರೆ ಉಳಿದ ತಿಂಗಳ ಬಾಬ್ತಿನಲ್ಲಿ ಅರ್ಧ ದಂಡ, ಆ ವಿಷಯವನ್ನು ಗಿರಾಕಿಗೆ ಕಾಣದ ಹಾಗೆ ಇಟ್ಟಿದ್ದಾರೆ ಎಂದು ಅಮೆರಿಕದ ವ್ಯಾಪಾರ ಆಯೋಗವೇ 2024ರ ಜೂನ್‌ನಲ್ಲಿ ಅಡೋಬಿ ಮೇಲೆ ದಾವೆ ಹೂಡಿತು.

ಬೇಡ ಅಂದರೂ ಬೇಕು!

ಒಮ್ಮೆ ಗಿರಾಕಿ ಎಲ್ಲೂ ಹೋಗಲಾರ ಎಂದು ಗೊತ್ತಾದ ಮೇಲೆ ಅಂಗಡಿಯವನ ಮಾತೇ ಬದಲಾಗುತ್ತದೆ. ಇದಕ್ಕೆ ದೃಷ್ಟಾಂತಗಳು ಬೇಕಷ್ಟಿವೆ.

2015-16ರಲ್ಲಿ ವಿಂಡೋಸ್ 10 ಹಾಕಿಕೊಳ್ಳಿ ಎಂದು ಹಳೆಯ ಕಂಪ್ಯೂಟರುಗಳ ಮೇಲೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಬೇಡ ಅಂದವರು ಮೂಲೆಯ ಇಂಟು ಗುರುತು ಒತ್ತಿ ಮುಚ್ಚುತ್ತಿದ್ದರು. 2016ರ ಮೇ ಸುಮಾರಿಗೆ ಆ ಇಂಟು ಗುರುತನ್ನೂ ಒಪ್ಪಿಗೆ ಎಂದೇ ತೆಗೆದುಕೊಳ್ಳುವ ಹಾಗೆ ಮಾಡಿದರು! ಬಾಗಿಲು ಹಾಕಿದರೆ 'ಒಳಗೆ ಬಾ' ಅಂದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ಇಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬರು, ತಾವು ಒಪ್ಪದೆ ಹೊಸ ವಿಂಡೋಸ್ ಇಳಿಯತೊಡಗಿ ಕಂಪ್ಯೂಟರು ಕೆಲಸಕ್ಕೆ ಬಾರದಂತಾಯಿತು, ವ್ಯಾಪಾರ ಕೆಟ್ಟಿತು ಎಂದು ಸಣ್ಣ ದಾವೆಗಳ ಕೋರ್ಟಿಗೆ ಹೋದರು. 10 ಸಾವಿರ ಡಾಲರು ಪರಿಹಾರ ಬಂತು. ಮೈಕ್ರೋಸಾಫ್ಟ್ ತಪ್ಪು ಒಪ್ಪಿಕೊಳ್ಳಲಿಲ್ಲ. ಆದರೆ ಮೇಲ್ಮನವಿ ಹಿಂತೆಗೆದುಕೊಂಡು ದುಡ್ಡು ಕಟ್ಟಿತು. ಶಹಬ್ಬಾಸ್ ತಾಯಿ!

ಇತ್ತೀಚಿನದು ಆಸ್ಟ್ರೇಲಿಯಾದ ಪ್ರಕರಣ. ವರ್ಡ್, ಎಕ್ಸೆಲ್ ಇರುವ ವಾರ್ಷಿಕ ಚಂದಾಕ್ಕೆ ಕೋಪೈಲಟ್ ಎಂಬ ಕೃತಕ ಬುದ್ಧಿಯ ಸಹಾಯಕನನ್ನು ಸೇರಿಸಿ, ಒಬ್ಬರ ಚಂದಾವನ್ನು 109 ಆಸ್ಟ್ರೇಲಿಯನ್ ಡಾಲರಿನಿಂದ 159ಕ್ಕೆ ಏರಿಸಿದರು. ಸಹಾಯಕ ಬೇಡ, ಹಳೆಯ ಬೆಲೆಗೆ ಹಳೆಯದೇ ಸಾಕು ಅನ್ನುವವರಿಗೆ ಅದೂ ಇತ್ತು. ಎಲ್ಲಿತ್ತು? ಚಂದಾ ರದ್ದು ಮಾಡುತ್ತೇನೆಂದು ಗುಂಡಿ ಒತ್ತುತ್ತಾ ಹೋದರೆ ಮಾತ್ರ ಕಾಣುವ ಜಾಗದಲ್ಲಿ! ಸುಮಾರು 27 ಲಕ್ಷ ಗಿರಾಕಿಗಳನ್ನು ದಾರಿ ತಪ್ಪಿಸಿದ್ದಾರೆಂದು ಅಲ್ಲಿಯ ಗ್ರಾಹಕ ಆಯೋಗ 2025ರ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋಯಿತು. ಮುಂದಿನ ತಿಂಗಳೇ ಕಂಪನಿ ಕ್ಷಮೆ ಕೇಳಿ, ಹಳೆಯ ಚಂದಾಕ್ಕೆ ಮರಳುವವರಿಗೆ ವ್ಯತ್ಯಾಸದ ಹಣ ವಾಪಸು ಕೊಡುವುದಾಗಿ ಪತ್ರ ಬರೆಯಿತು. ಸಂತೆಯಲ್ಲಿ ಒಳ್ಳೆ ಟೊಮೇಟೊ ಬುಟ್ಟಿಯನ್ನು ಗೋಣಿ ಕೆಳಗಿಟ್ಟು, ಗಿರಾಕಿ ಎದ್ದು ಹೊರಟಾಗ ಮಾತ್ರ ತೋರಿಸುವವರನ್ನು ನಾವು ನೋಡಿದ್ದೇವೆ. ಇದೂ ಅದೇ ವಿದ್ಯೆ.

ಅಂದ ಹಾಗೆ, 2014ರಲ್ಲಿ ಈ ಕಂಪನಿಯ ಮುಖ್ಯಸ್ಥರಾದ ಸತ್ಯ ನಾದೆಲ್ಲ ಎಂಜಿನಿಯರಿಂಗ್ ಓದಿದ್ದು ನಮ್ಮ ಮಣಿಪಾಲದಲ್ಲೇ. ಹೆಮ್ಮೆ ಪಡೋಣ. ಹೆಮ್ಮೆಯಿಂದ ಬಿಲ್ಲೇನೂ ಕಡಿಮೆಯಾಗುವುದಿಲ್ಲ.

ಎಲ್ಲರೂ ಒಂದೇ ಕಂಬಕ್ಕೆ ಒರಗಿದರೆ ಇನ್ನೊಂದು ಅಪಾಯ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತದಿಂದ ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ತಪ್ಪು ಮೈಕ್ರೋಸಾಫ್ಟಿನದಲ್ಲ ನಿಜ. ಆದರೆ ವಿಮಾನ ಕಂಪನಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಒಂದೇ ಮೂಲ ಸಾಫ್ಟ್‌ವೇರು ಇದ್ದದ್ದರಿಂದ ಎಲ್ಲ ಕಡೆ ಒಟ್ಟಿಗೇ ಬಿತ್ತು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ನಮ್ಮ ಹಳೆಯ ಕಂಡಕ್ಟರುಗಳು ನಕ್ಕಿರಬೇಕು.

ಇನ್ನೊಂದು ಮಗ್ಗುಲು

ಬರೀ ಬಯ್ದರೆ ನ್ಯಾಯವಲ್ಲ. ವಿಂಡೋಸ್ 10ಕ್ಕೆ ಹತ್ತು ವರ್ಷ ಪುಕ್ಕಟೆ ತೇಪೆ ಕೊಟ್ಟಿದ್ದಾರೆ. ಅದಕ್ಕೂ ಹಿಂದಿನ ಎಕ್ಸ್‌ಪಿಗೆ 2001ರಿಂದ 2014ರವರೆಗೆ ಕೊಟ್ಟರು. ಕೊಂಡು ಹತ್ತು ವರ್ಷವಾದ ಫ್ಯಾನನ್ನು ಯಾರು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ? ಟಿಪಿಎಂ ಬೇಕೆನ್ನುವುದರಲ್ಲೂ ಹುರುಳಿಲ್ಲದಿಲ್ಲ. ಕಳ್ಳರು ಜಾಣರಾದಂತೆ ಬೀಗವೂ ಗಟ್ಟಿಯಾಗಬೇಕು. ಎಲ್ಲೆಡೆ ಒಂದೇ ವಿಂಡೋಸ್ ಇರುವುದರಿಂದಲೇ ಇಲ್ಲಿ ಕಲಿತ ಹುಡುಗ ಬೆಂಗಳೂರಿನಲ್ಲಿ, ದುಬೈನಲ್ಲಿ ಮೊದಲ ದಿನವೇ ಕೆಲಸ ಮಾಡಬಲ್ಲ. ಕಂಪನಿಗೊಂದೊಂದು ಬಗೆ ಇದ್ದ ಕಾಲದಲ್ಲಿ ಒಂದರ ಕಡತ ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ.

ಇಷ್ಟೆಲ್ಲ ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಅಂಗಡಿಯಲ್ಲಿ ಬಿಲ್ಲು ಹೊಡೆಯಲು, ಪಹಣಿ ಪ್ರಿಂಟು ತೆಗೆಯಲು ಇಷ್ಟೊಂದು ಹೊಸ ಯಂತ್ರ ಬೇಕೇ ಎನ್ನುವುದನ್ನು ನಿರ್ಧರಿಸಬೇಕಾದವರು ಯಾರು?

ಯೂರೋಪಿನವರು ಈ ಪ್ರಶ್ನೆ ಕೇಳಿದರು. ಹಳೆಯ ವಿಂಡೋಸಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ತೇಪೆ ಬೇಕಾದ ಮನೆ ಬಳಕೆಯವರು ಒಂದೋ 30 ಡಾಲರು ಕಟ್ಟಬೇಕು, ಇಲ್ಲವೇ ತಮ್ಮ ಯಂತ್ರದ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಯ ಮೂಲಕ ಕಂಪನಿಯ ಉಗ್ರಾಣಕ್ಕೆ ಕಳಿಸಲು ಒಪ್ಪಬೇಕು, ಅದೂ ಬೇಡವಾದರೆ ಕಂಪನಿಯ ಬಹುಮಾನ ಅಂಕ ಒಂದು ಸಾವಿರ ಕೊಡಬೇಕು ಎಂದು ಮೈಕ್ರೋಸಾಫ್ಟ್ 2025ರಲ್ಲಿ ಸಾರಿತು. 30 ಡಾಲರೆಂದರೆ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. ಸಂಸ್ಥೆಗಳಿಗಾದರೆ ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರು, ಎರಡನೇ ವರ್ಷ ಅದರ ಎರಡರಷ್ಟು, ಮೂರನೇ ವರ್ಷ ಮತ್ತೆ ಎರಡರಷ್ಟು. ಬಡ್ಡಿ ಸಾಲದವರೂ ನಾಚಬೇಕು! ಯೂರೋಪಿನ ಗ್ರಾಹಕ ಸಂಘಗಳು ಗದರಿದವು. 2025ರ ಸೆಪ್ಟೆಂಬರಿನಲ್ಲಿ ಕಂಪನಿ ಬಗ್ಗಿ, ಯೂರೋಪಿನ ಮನೆ ಬಳಕೆಯವರಿಗೆ ದುಡ್ಡೂ ಬೇಡ, ಸೆಟ್ಟಿಂಗು ಕಳಿಸುವುದೂ ಬೇಡ, ಖಾತೆಯೊಂದಿದ್ದರೆ ಸಾಕು ಎಂದಿತು. ಆ ರಿಯಾಯಿತಿ ಯೂರೋಪಿಗೆ ಮಾತ್ರ. ಅದೇ ಸಾಫ್ಟ್‌ವೇರು, ಅದೇ ತೇಪೆ. ಅಲ್ಲಿ ಒಂದು ನ್ಯಾಯ, ಇಲ್ಲಿ ಒಂದು ನ್ಯಾಯ.

ನಮ್ಮಲ್ಲಿ ಕೇಳುವವರೇ ಇಲ್ಲ ಎನ್ನುವ ಹಾಗಿಲ್ಲ. ದೆಹಲಿಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಮೊಬೈಲುಗಳ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು, ಮರುವರ್ಷ ಮೇಲ್ಮನವಿ ಮಂಡಳಿಯೂ ಅದನ್ನು ಎತ್ತಿ ಹಿಡಿಯಿತು. ಹಲ್ಲು ಇದೆ. ಹಳೆಯ ಕಂಪ್ಯೂಟರಿನವರ ಪರವಾಗಿ ದೂರು ಹಿಡಿದು ಹೋಗುವ ಸಂಘ ಬೇಕು. ಜಿಲ್ಲೆಗೊಂದು ವರ್ತಕರ ಸಂಘ ಇದೆ, ದೀಪಾವಳಿಗೆ ಶುಭಾಶಯದ ಬ್ಯಾನರು ಕಟ್ಟುತ್ತದೆ. ಈ ವಿಷಯ ಅದರ ಸಭೆಯಲ್ಲಿ ಎತ್ತಬಹುದಲ್ಲ?

ಇಳಿದು ಬೇರೆ ಬಸ್ಸು ಹತ್ತಬಹುದೇ?

ಬಸ್ಸಿದೆ. ಲಿನಕ್ಸ್ ಎಂದು ಹೆಸರು. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿ ಲೋಕಕ್ಕೆ ಬಿಟ್ಟದ್ದು. ಪುಕ್ಕಟೆ. ಒಳಗೆ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು, ಗ್ಯಾರೇಜಿನ ಸ್ಕೂಟರಿನ ಹಾಗೆ. ಹನ್ನೊಂದು ಬೇಡವೆಂದ ಹಳೆಯ ಯಂತ್ರಗಳಲ್ಲಿ ಇದು ಸಲೀಸಾಗಿ ಕೂರುತ್ತದೆ. ವರ್ಡು ಎಕ್ಸೆಲ್ಲಿನ ಬದಲು ಲಿಬ್ರೆ ಆಫೀಸ್ ಇದೆ, ಕನ್ನಡವೂ ಬರುತ್ತದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಇದರಲ್ಲೇ ಕಲಿಯುತ್ತಿದ್ದಾರೆ. ಜರ್ಮನಿಯ ಶ್ಲೆಸ್ವಿಗ್ ಹೋಲ್‌ಸ್ಟೈನ್ ರಾಜ್ಯ ತನ್ನ ಕಚೇರಿಗಳ 30 ಸಾವಿರ ಕಂಪ್ಯೂಟರುಗಳನ್ನು ಮೈಕ್ರೋಸಾಫ್ಟಿನಿಂದ ಬಿಡಿಸುವುದಾಗಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಅದೇ ಜರ್ಮನಿಯ ಮ್ಯೂನಿಕ್ ನಗರಸಭೆ ಹತ್ತು ವರ್ಷ ಹೆಣಗಿ ಲಿನಕ್ಸಿಗೆ ಹೋಗಿ, 2017ರಲ್ಲಿ ಮರಳಿ ವಿಂಡೋಸಿಗೇ ಎಂದು ತೀರ್ಮಾನಿಸಿದ್ದೂ ಉಂಟು.

ತೊಡಕು ಇರುವುದು ಇಲ್ಲಿ: ನಮ್ಮ ಅಂಗಡಿಗಳ ಜೀವನಾಡಿ ಟ್ಯಾಲಿ. ಬೆಂಗಳೂರಿನ ಕಂಪನಿಯದೇ, 1986ರಿಂದ ಇದೆ. ಅದನ್ನು ಬರೆದಿರುವುದು ವಿಂಡೋಸಿಗಾಗಿ. ಜಿಎಸ್‌ಟಿಗೆ ಸಹಿ ಹಾಕುವ ಡಿಜಿಟಲ್ ಸಹಿಯ ಕಡ್ಡಿ, ಬಿಲ್ಲು ಉಗುಳುವ ಸಣ್ಣ ಪ್ರಿಂಟರು, ತೂಕದ ಯಂತ್ರದ ತಂತಿ, ಪ್ರತಿಯೊಂದಕ್ಕೂ 'ಲಿನಕ್ಸಿನಲ್ಲಿ ನಡೆಯುತ್ತದೆಯೇ' ಎಂದು ಬೇರೆ ಬೇರೆಯಾಗಿ ವಿಚಾರಿಸಬೇಕು. ಹಾಕಿಕೊಡುವ ಹುಡುಗ ಸಿಕ್ಕಿದರೂ ಭಾನುವಾರ ಕೆಟ್ಟರೆ ಬರುವವನು ಬೇಕು. ಬರೀ ಟೈಪಿಂಗು, ಇಂಟರ್‌ನೆಟ್ಟು, ಅರ್ಜಿ ತುಂಬುವ ಕೆಲಸ ಇರುವವರಿಗೆ ಚಿಂತೆಯಿಲ್ಲ. ಟ್ಯಾಲಿ ಇರುವವರು ಯೋಚಿಸಲೇಬೇಕು.

ಸದ್ಯಕ್ಕೆ ಪೇಟೆಯಲ್ಲಿ ಮೂರು ಬಗೆಯವರು ಕಾಣುತ್ತಾರೆ. ಸಾಲ ಮಾಡಿ ಹೊಸ ಯಂತ್ರ ತಂದವರು ಕೆಲವರು. ಏನಾಗತ್ತೋ ಆಗಲಿ ಎಂದು ಹಳೆಯದರಲ್ಲೇ ಬ್ಯಾಂಕು ವ್ಯವಹಾರವನ್ನೂ ನಡೆಸುತ್ತಿರುವವರು ಬಹಳ ಜನ. ಇದು ಒಳ್ಳೆಯದಲ್ಲ ಸ್ವಾಮಿ, ಕನಿಷ್ಠ ಬ್ಯಾಂಕಿನ ಕೆಲಸವನ್ನಾದರೂ ಬೇರೆ ಯಂತ್ರಕ್ಕೆ ದಾಟಿಸಿ, ಟ್ಯಾಲಿಯ ನಕಲನ್ನು ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಹಾಕಿ ಮನೆಗೆ ಒಯ್ಯಿರಿ. ಮೂರನೆಯವರು ಇಂಟರ್‌ನೆಟ್ಟಿನ ತಂತಿಯನ್ನೇ ಕಿತ್ತು ಪಕ್ಕಕ್ಕಿಟ್ಟು, ಕಂಪ್ಯೂಟರನ್ನು ಬರೀ ಬಿಲ್ಲಿಗೆ ಇಟ್ಟುಕೊಂಡಿದ್ದಾರೆ. ಅದು ಈಗಲೂ ಬೆಳಗ್ಗೆ ಒಂಬತ್ತಕ್ಕೆ ಏಳುತ್ತದೆ, ರಾತ್ರಿ ಒಂಬತ್ತರವರೆಗೆ ಬಿಲ್ಲು ಹೊಡೆಯುತ್ತದೆ. ತಾನು ನಿವೃತ್ತನೆಂದು ಅದಕ್ಕೆ ಇನ್ನೂ ಯಾರೂ ಹೇಳಿಲ್ಲ.